ಅಣ್ಣತಮ್ಮಂದಿರ ಮೂರು ತಂತಿ

ಜಪಾನಿನ ಉತ್ತರಕ್ಕೆ ಹೊಕ್ಕೈದೊ ಎಂಬ ದೊಡ್ಡ ದ್ವೀಪವಿದೆ. ಅಲ್ಲಿನ ನೊಬೊರಿಬೆತ್ಸು ಬಿಸಿನೀರಿನ ಬುಗ್ಗೆಗಳಿಗೆ ಹೆಸರಾದ ಊರು. ಆ ಊರಿನ ಯೊಶಿದಾ ಮನೆತನದಲ್ಲಿ 1977ರಲ್ಲಿ ರಿಯೊಇಚಿರೊ, 1979ರಲ್ಲಿ ಅವನ ತಮ್ಮ ಕೆನಿಚಿ ಹುಟ್ಟಿದರು. ಇಬ್ಬರೂ ಐದನೆಯ ವಯಸ್ಸಿಗೇ ಶಾಮಿಸೆನ್ ಎಂಬ ಮೂರು ತಂತಿಯ ವಾದ್ಯವನ್ನು ಕೈಗೆತ್ತಿಕೊಂಡರು. 1989ರಿಂದ ಸಾಸಾಕಿ ತಕಾಶಿ ಎಂಬ ಗುರುಗಳ ಬಳಿ ತ್ಸುಗರು ಶಾಮಿಸೆನ್ ಎಂಬ ಜನಪದ ಶೈಲಿಯನ್ನು ಕಲಿತರು. 1999ರಲ್ಲಿ 'ಇಬುಕಿ', ಎಂದರೆ ಉಸಿರು, ಎಂಬ ಇವರ ಮೊದಲ ಮುದ್ರಿಕೆ ಬಂತು. ಒಂದು ಲಕ್ಷಕ್ಕೂ ಮಿಕ್ಕಿ ಪ್ರತಿಗಳು ಮಾರಾಟವಾದವು. ಸಿನಿಮಾ ಹಾಡೂ ಅಲ್ಲದ, ಪಾಪ್ ಹಾಡೂ ಅಲ್ಲದ, ಹಳ್ಳಿಗಾಡಿನ ಒಂದು ತಂತಿವಾದ್ಯದ ಮುದ್ರಿಕೆ ಇಷ್ಟು ಮಾರಾಟವಾಯಿತೆಂದರೆ ಅದು ಆ ದೇಶದಲ್ಲೂ ಸಣ್ಣ ಸಂಗತಿಯಾಗಿರಲಿಲ್ಲ. ಆಗ ಇಬ್ಬರಿಗೂ ಇಪ್ಪತ್ತರ ಆಸುಪಾಸಿನ ವಯಸ್ಸು. ಬಣ್ಣ ಹಚ್ಚಿದ ಕೂದಲು, ಮೈಮೇಲೆ ಸಾಂಪ್ರದಾಯಿಕ ಹಕಾಮ ಉಡುಪು, ಕೈಯಲ್ಲಿ ಶಾಮಿಸೆನ್. 'ಯೊಶಿದಾ ಸಹೋದರರು' ಎಂಬ ಹೆಸರು ಅಲ್ಲಿಂದ ಮುಂದೆ ಜಪಾನಿನ ಗಡಿಯನ್ನೂ ದಾಟಿತು.

ನಾನು ಇವರನ್ನು ಎದುರು ಕುಳಿತು ಕೇಳಿದವಳಲ್ಲ. ಮುದ್ರಿಕೆಗಳಲ್ಲಿ, ಮಗಳ ಮೊಬೈಲಿನ ಪುಟ್ಟ ಪರದೆಯಲ್ಲಿ ಕೇಳಿದವಳು. ಜಪಾನೀ ಭಾಷೆಯೂ ನನಗೆ ಬಾರದು. ಆದರೆ ಕಿವಿಗೆ ತನ್ನದೇ ಆದ ಒಂದು ವಿವೇಕವಿರುತ್ತದೆ. ಅದನ್ನು ನಂಬಿ ನಾಲ್ಕು ಮಾತು ಬರೆಯುತ್ತಿದ್ದೇನೆ.

ಒಮ್ಮೆ ಶಾಲೆಯ ವಿರಾಮದ ಹೊತ್ತಿನಲ್ಲಿ ನಮ್ಮ ಸಂಗೀತದ ಮಾಸ್ತರರಿಗೆ ಇವರ ವಾದನವನ್ನು ಕೇಳಿಸಿದೆ. ಎರಡು ನಿಮಿಷ ಕಣ್ಣು ಮುಚ್ಚಿ ಕೇಳಿದ ಅವರು, "ಟೀಚರ್, ಇದು ಬಾರಿಸೋದ್ರೀ, ಏನು ನುಡಿಸೋದ್ರೀ?" ಎಂದರು. ತಮಾಷೆಗೆ ಕೇಳಿದ್ದೇ ಇರಬಹುದು. ಆದರೆ ಈ ವಾದ್ಯದ ಗುಟ್ಟು ಆ ಪ್ರಶ್ನೆಯಲ್ಲೇ ಇದೆ. ನಮ್ಮಲ್ಲಿ ತಬಲಾ ಬಾರಿಸುತ್ತೇವೆ, ಹಲಗೆ ಬಾರಿಸುತ್ತೇವೆ, ವೀಣೆ ನುಡಿಸುತ್ತೇವೆ. ಚರ್ಮಕ್ಕೆ ಬಾರಿಸುವುದು, ತಂತಿಗೆ ನುಡಿಸುವುದು. ಶಾಮಿಸೆನ್ ಈ ಗೆರೆಯನ್ನು ಅಳಿಸಿಬಿಡುತ್ತದೆ. ಚೀನಾದ ಸಾನ್‌ಶಿಯೆನ್ ರಿಯುಕ್ಯು ದ್ವೀಪಗಳಲ್ಲಿ ಹಾವಿನ ಚರ್ಮದ ಸಾನ್‌ಶಿನ್ ಆಗಿ, ಹದಿನಾರನೆಯ ಶತಮಾನದಲ್ಲಿ ಜಪಾನಿನ ಮುಖ್ಯಭೂಮಿಗೆ ಬಂದು ಶಾಮಿಸೆನ್ ಆಯಿತು. ಅದರ ಚೌಕಾಕಾರದ ಬುರುಡೆಗೆ ಚರ್ಮದ ಹೊದಿಕೆ. ಅಂಗೈ ತುಂಬುವ ಬಚಿ ಎಂಬ ಮೀಟುಗೋಲು ತಂತಿಯನ್ನು ಮೀಟಿ ಅಷ್ಟಕ್ಕೆ ಸುಮ್ಮನಾಗುವುದಿಲ್ಲ. ಮುಂದುವರಿದು ಚರ್ಮಕ್ಕೂ ಬಡಿಯುತ್ತದೆ. ಹೀಗೆ ಸ್ವರ ಮತ್ತು ಪೆಟ್ಟು ಒಂದೇ ಗಳಿಗೆಯಲ್ಲಿ ಹುಟ್ಟುತ್ತವೆ. ತ್ಸುಗರು ಶೈಲಿಯಲ್ಲಿ ಈ ಪೆಟ್ಟು ಇನ್ನೂ ಜೋರು. ವಾದ್ಯದ ಕುತ್ತಿಗೆ ದಪ್ಪ, ಚರ್ಮ ನಾಯಿಯದು. ಸೇತುವೆಯ ಹತ್ತಿರ ಬಾರಿಸಿದರೆ ಬಿರುಸು. ಬಚಿಯನ್ನು ಕುತ್ತಿಗೆಯ ಕಡೆಗೆ ಸರಿಸಿದರೆ ದನಿ ಒಮ್ಮೆಲೇ ಮೆತ್ತಗಾಗುತ್ತದೆ. ನಿಪುಣರು ಈ ಎರಡು ಜಾಗಗಳ ನಡುವೆ ಓಡಾಡಿಯೇ ಬಿಸಿಲು ನೆರಳು ಮೂಡಿಸುತ್ತಾರೆ. ಬಾರಿಸುತ್ತ ಬಾರಿಸುತ್ತ ನುಡಿಸುವವರೆಗೆ ಹೋಗುವುದು, ಇದೇ ಈ ಕಲೆಯ ದಾರಿ ಎಂದು ನನಗೆ ತೋರುತ್ತದೆ.

ಈ ಜೋರು ದನಿ ಎಲ್ಲಿಂದ ಬಂತು ಎಂಬುದನ್ನು ತಿಳಿಯದೆ ಯೊಶಿದಾ ಸಹೋದರರ ಬಗ್ಗೆ ತೀರ್ಪು ಕೊಡಬಾರದು. ತ್ಸುಗರು ಎಂಬುದು ಜಪಾನಿನ ಮುಖ್ಯ ದ್ವೀಪದ ಉತ್ತರ ತುದಿಯ ಆಓಮೊರಿ ಪ್ರಾಂತದ ಪಡುವಣ ಭಾಗ. ತಿಂಗಳುಗಟ್ಟಲೆ ಹಿಮ ಬೀಳುವ ಸೀಮೆ. ಅಲ್ಲಿ ಬೊಸಾಮ ಎಂದು ಕರೆಸಿಕೊಳ್ಳುತ್ತಿದ್ದ ಕುರುಡ ವಾದಕರು ಮನೆ ಮನೆಯ ಬಾಗಿಲಲ್ಲಿ ನಿಂತು ಶಾಮಿಸೆನ್ ಬಾರಿಸಿ ಅಕ್ಕಿಯನ್ನೋ ಕಾಸನ್ನೋ ಬೇಡುತ್ತಿದ್ದರು. ಗಾಳಿಯ ಸದ್ದನ್ನು ಮೀರಿ, ಮುಚ್ಚಿದ ಬಾಗಿಲನ್ನು ದಾಟಿ ಒಲೆಯ ಮುಂದೆ ಕುಳಿತ ಮನೆಯೊಡತಿಯ ಕಿವಿಗೆ ಮುಟ್ಟಬೇಕಾಗಿದ್ದ ದನಿ ಅದು. ಜಪಾನಿನಲ್ಲಿ ಅಂಧ ಗಂಡಸರದೇ ಒಂದು ಸಂಘ ಶತಮಾನಗಳ ಕಾಲ ನಡೆದುಬಂದಿತ್ತು. 1871ರಲ್ಲಿ ಸರ್ಕಾರ ಅದನ್ನು ರದ್ದು ಮಾಡಿತು. ಆ ಕಾಲದವನೇ ನಿತಾಬೊ. 1857ರಲ್ಲಿ ಕಾನಗಿ ಸೀಮೆಯಲ್ಲಿ ಹುಟ್ಟಿ, ಬಾಲ್ಯದಲ್ಲಿ ಸಿಡುಬಿಗೆ ಕಣ್ಣು ಕೊಟ್ಟ ಈತನೇ ತ್ಸುಗರು ಶಾಮಿಸೆನ್ನಿನ ಮೂಲಪುರುಷ ಎಂಬುದು ಅಲ್ಲಿಯವರ ನಂಬಿಕೆ. ನಮ್ಮ ಗದಗಿನ ಕಡೆಯವರಿಗೆ ಕಣ್ಣಿಲ್ಲದ ಗಾಯಕರೆಂದರೆ ವೀರೇಶ್ವರ ಪುಣ್ಯಾಶ್ರಮ ಕಣ್ಣ ಮುಂದೆ ಬರುತ್ತದೆ. ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಅಂಧ ಮಕ್ಕಳಿಗೆ ಅನ್ನ, ಆಸರೆ, ವಿದ್ಯೆ ಮೂರನ್ನೂ ಒಂದೇ ಸೂರಿನಡಿ ಕೊಟ್ಟರು. ಬೊಸಾಮರಿಗೆ ಅಂಥ ಸೂರು ಇರಲಿಲ್ಲ. ಅವರಿಗೆ ದಾರಿಯೇ ಶಾಲೆ.

ಈ ಮೂಲಪುರುಷರ ಪಟ್ಟಿಯಲ್ಲೆಲ್ಲ ಗಂಡಸರ ಹೆಸರುಗಳೇ. ಆದರೆ ತ್ಸುಗರುವಿನಿಂದ ದಕ್ಷಿಣಕ್ಕೆ, ಜಪಾನ್ ಸಮುದ್ರದ ದಂಡೆಯ ನೀಗತ ಸೀಮೆಯಲ್ಲಿ, ಗೊಜೆ ಎಂಬ ಕುರುಡು ಹೆಂಗಸರ ಗುಂಪುಗಳಿದ್ದವು. ಸ್ವಲ್ಪ ಕಣ್ಣಿದ್ದವಳು ಮುಂದೆ, ಮಿಕ್ಕವರು ಮುಂದಿನವಳ ಬೆನ್ನಿನ ಗಂಟಿಗೆ ಕೈ ತಾಗಿಸಿಕೊಂಡು ಹಿಂದೆ, ಹೀಗೆ ಸಾಲಾಗಿ ನಡೆದು ಹಳ್ಳಿ ಹಳ್ಳಿಯಲ್ಲಿ ಶಾಮಿಸೆನ್ ಹಿಡಿದು ಕಥನಗೀತೆ ಹಾಡುತ್ತಿದ್ದರು. ಮದುವೆಯಾಗುವಂತಿಲ್ಲ, ಗಂಡಸಿನ ಸಂಗ ಮಾಡಿದರೆ ಗುಂಪಿನಿಂದ ಹೊರಗೆ. ಅವರಲ್ಲಿ ಕೊಬಯಾಶಿ ಹಾರು 1900ರಲ್ಲಿ ಹುಟ್ಟಿ 2005ರವರೆಗೆ ಬದುಕಿದ್ದರು. 1978ರಲ್ಲಿ ಸರ್ಕಾರ ಆಕೆಯನ್ನು ಅಮೂರ್ತ ಪರಂಪರೆಯ ಧಾರಕಿ ಎಂದು ಗೌರವಿಸಿತು. ಎಂದರೆ ಯೊಶಿದಾ ಸಹೋದರರು ಲಕ್ಷ ಪ್ರತಿ ಮಾರುತ್ತಿದ್ದ ಕಾಲದಲ್ಲಿ, ಹೊಟ್ಟೆಪಾಡಿಗಾಗಿ ಹಿಮದಲ್ಲಿ ನಡೆದ ಅಜ್ಜಿಯೊಬ್ಬರು ಅದೇ ದೇಶದಲ್ಲಿ ಇನ್ನೂ ಉಸಿರಾಡುತ್ತಿದ್ದರು. ಹಳತು, ಹೊಸತು ಎಂದು ನಾವು ಎಷ್ಟು ಸಲೀಸಾಗಿ ಹೇಳಿಬಿಡುತ್ತೇವೆ! ಎರಡಕ್ಕೂ ಆಗ ಒಂದೇ ಛಾವಣಿಯಿತ್ತು.

ಈ ಸಹೋದರರ ಮೇಲೆ ಶುದ್ಧ ಸಂಪ್ರದಾಯದ ಪರವಾಗಿ ಮಾತಾಡುವವರ ದೂರು ಎಂಥದ್ದಿರಬಹುದೆಂದು ಊಹಿಸುವುದು ಕಷ್ಟವಲ್ಲ. ಇವರು ತ್ಸುಗರುವಿನವರಲ್ಲ, ಜಲಸಂಧಿಯ ಆಚೆಯ ದಡದವರು. ಕಣ್ಣು ಚೆನ್ನಾಗಿರುವವರು. ಹೊಟ್ಟೆ ತುಂಬಿದವರು. ಬಾಗಿಲಲ್ಲಿ ನಿಲ್ಲದವರು. ಹಾಗಿದ್ದ ಮೇಲೆ ಹಿಮವನ್ನೂ ಹಸಿವನ್ನೂ ಇವರ ಕೈ ಹೇಗೆ ಬಲ್ಲದು? ಈ ಮಾತು ಕೇಳಲು ಗಂಭೀರವಾಗಿದೆ. ಒಳಹೊಕ್ಕು ನೋಡಿದರೆ ಕ್ರೂರವಾಗಿದೆ. ಬಡತನ ಕಳೆದುಕೊಂಡ ಕಲೆ ಸುಳ್ಳು ಎನ್ನುವವರು, ಕಲಾವಿದ ಬಡವನಾಗಿಯೇ ಇರಲಿ, ನಾವು ಬೆಚ್ಚಗೆ ಕುಳಿತು ಕೇಳುತ್ತೇವೆ ಎಂದಂತಾಯಿತು. ನಮ್ಮ ಕಿನ್ನರಿ ಜೋಗಿಗಳ ಮಕ್ಕಳು ಶಾಲೆಗೆ ಬಂದು ಅಕ್ಷರ ಕಲಿತಾಗ, "ಅಯ್ಯೋ ಆ ಹಾಡು ಹೋಯಿತಲ್ಲ" ಎಂದು ಮರುಗುವವರನ್ನು ನಾನು ಬಲ್ಲೆ. ಹಾಡು ಉಳಿಯಬೇಕೆಂದು ಯಾವ ಮಗುವಿನ ಹೆಗಲಿಗೂ ಜೋಳಿಗೆ ಹಾಕುವಂತಿಲ್ಲ. ಇನ್ನು ಊರಿನ ಮಾತು. ಹೊಕ್ಕೈದೊಗೆ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ವಲಸೆ ಬಂದವರಲ್ಲಿ ಉತ್ತರ ಪ್ರಾಂತಗಳ ಬಡವರೇ ಬಹಳ. ಅವರ ಗಂಟುಮೂಟೆಯೊಡನೆ ಹಾಡುಗಳೂ ದೋಣಿ ಹತ್ತಿದವು. ಬೊಸಾಮರು ಕೂಡ ಆ ನೀರು ದಾಟಿ ಅಲ್ಲಿ ಅಲೆದವರೇ. ಆದ್ದರಿಂದ ನೊಬೊರಿಬೆತ್ಸುವಿನ ಹುಡುಗರು ಪರರ ಸೊತ್ತಿಗೆ ಕೈ ಹಾಕಿದ್ದಾರೆ ಎನ್ನಲಾಗದು.

ಹಾಗಾದರೆ ಇವರನ್ನು ಕೇಳಬೇಕಾದ ಪ್ರಶ್ನೆ ಯಾವುದು? ನನ್ನ ಪ್ರಶ್ನೆ ಇದು: ಒಬ್ಬಂಟಿಯ ವಾದ್ಯವನ್ನು ಇಬ್ಬರು ಹಿಡಿದಾಗ ಏನಾಗುತ್ತದೆ?

ತ್ಸುಗರು ಶಾಮಿಸೆನ್ ಹುಟ್ಟಿದ್ದೇ ಒಬ್ಬೊಬ್ಬರ ಕೈಯಲ್ಲಿ. ಸ್ವರಲಿಪಿ ಇಲ್ಲ, ಕಿವಿಯಿಂದ ಕಿವಿಗೆ ಬಂದ ವಿದ್ಯೆ. ಮನೆಗೊಂದು ಬಗೆ, ಗಳಿಗೆಗೊಂದು ಬಗೆ. ಪಕ್ಕದ ಬೊಸಾಮನಿಗಿಂತ ಬೇರೆಯಾಗಿ ಬಾರಿಸದಿದ್ದರೆ ಅಕ್ಕಿ ಬೀಳುತ್ತಿರಲಿಲ್ಲ. ಜೊಂಗರ ಬುಶಿ, ಯೊಸರೆ ಬುಶಿ, ಒಹರ ಬುಶಿ ಎಂಬ ಮೂರು ಮುಖ್ಯ ಧಾಟಿಗಳನ್ನು ಎಲ್ಲರೂ ಬಾರಿಸುತ್ತಾರೆ, ಆದರೆ ಯಾರದೂ ಇನ್ನೊಬ್ಬರದರಂತೆ ಇರುವುದಿಲ್ಲ. ಇಂಥ ಕಲೆಯಲ್ಲಿ ಇಬ್ಬರು ಒಂದೇ ವೇಗದಲ್ಲಿ, ಒಂದೇ ಗತ್ತಿನಲ್ಲಿ, ಕೂದಲೆಳೆ ತಪ್ಪದಂತೆ ಬಾರಿಸಿದರೆ ಕೇಳುವವರು ಬೆರಗಾಗುತ್ತಾರೆ, ನಿಜ. ನಾನೂ ಮೊದಲ ಸಲ ಬೆರಗಾದೆ. ಎರಡನೆಯ ಸಲಕ್ಕೆ ಬೆರಗು ಅರ್ಧವಾಯಿತು. ಮೂವತ್ತು ವರ್ಷ ತರಗತಿಯಲ್ಲಿ ನಿಂತವಳಿಗೆ ಒಂದು ವಿಷಯ ಚೆನ್ನಾಗಿ ಗೊತ್ತು: ಎಲ್ಲ ಮಕ್ಕಳೂ ಒಟ್ಟಿಗೆ ಪದ್ಯ ಒಪ್ಪಿಸುವಾಗ ಗೋಡೆ ನಡುಗುತ್ತದೆ, ಆದರೆ ಯಾರಿಗೆ ಪದ್ಯ ಬರುತ್ತದೆ, ಯಾರ ಮನಸ್ಸಿಗೆ ಅದು ಮುಟ್ಟಿದೆ ಎಂಬುದು ತಿಳಿಯುವುದಿಲ್ಲ. ಅದು ತಿಳಿಯಬೇಕಾದರೆ ಒಬ್ಬೊಬ್ಬರನ್ನೇ ಎಬ್ಬಿಸಿ ನಿಲ್ಲಿಸಬೇಕು. ಯೊಶಿದಾ ಸಹೋದರರ ಜನಪ್ರಿಯ ರಚನೆಗಳಲ್ಲಿ ಅರ್ಧಕ್ಕರ್ಧ ಈ ಸಾಮೂಹಿಕ ಪಠಣದ ಗುಣದವು. ಶಿಸ್ತಿದೆ, ಹುರುಪಿದೆ; ಇಬ್ಬರಿದ್ದಾರೆ ಎಂಬುದು ಮಾತ್ರ ಮರೆತುಹೋಗುತ್ತದೆ.

ಆದರೆ ಇವರು ಜೊಂಗರ ಬುಶಿಯನ್ನು ಬೇರಾವ ವಾದ್ಯದ ಜೊತೆಯೂ ಇಲ್ಲದೆ, ಒಬ್ಬರಾದ ಮೇಲೆ ಒಬ್ಬರು ಸರದಿಯಂತೆ ನುಡಿಸಿದ್ದನ್ನು ಕೇಳಿ. ಕಲೆಯ ಬಣ್ಣವೇ ಬೇರೆಯಾಗುತ್ತದೆ. ಅಣ್ಣನ ಕೈ ಸಂಯಮದ ಕೈ. ಹಳೆಯ ಧಾಟಿಯ ಮಡಿಕೆಗಳನ್ನು ಬಿಚ್ಚುವುದರಲ್ಲಿ ಅವನಿಗೆ ಅವಸರವಿಲ್ಲ. ಒಂದು ಸ್ವರವನ್ನು ಮೀಟಿ, ಅದರ ಬಾಲವನ್ನು ಎಡಗೈಯ ಬೆರಳಿನಿಂದ ಚಿಮ್ಮಿಸಿ, ಅದು ಸಾಯುವವರೆಗೂ ಕಾಯುತ್ತಾನೆ. ತಮ್ಮ ಹಾಗಲ್ಲ. ಅವನು ಸೇತುವೆಯ ಹತ್ತಿರವೇ ಬಿಡಾರ ಹೂಡಿದವನು, ಮೇಲಿನಿಂದ ಬಡಿಯುತ್ತಾನೆ, ಕೆಳಗಿನಿಂದ ಗೋರುತ್ತಾನೆ, ಕೇಳುಗರ ಎದೆಬಡಿತ ಏರುವವರೆಗೂ ಬಿಡುವುದಿಲ್ಲ. ಒಬ್ಬನು ನುಡಿಸುವವನು, ಇನ್ನೊಬ್ಬನು ಬಾರಿಸುವವನು ಎಂದು ನಮ್ಮ ಮಾಸ್ತರರ ಭಾಷೆಯಲ್ಲಿ ಹೇಳಬಹುದು. ಸ್ವಾರಸ್ಯವಿರುವುದು ಇದರ ಮುಂದೆ. ತಮ್ಮನ ಸರದಿ ಮುಗಿದು ಅಣ್ಣ ಎತ್ತಿಕೊಂಡಾಗ, ಆ ಬಿಸಿ ಸ್ವಲ್ಪ ಅಣ್ಣನ ಕೈಗೂ ಹತ್ತಿರುತ್ತದೆ. ಮರಳಿ ತಮ್ಮನಿಗೆ ಬಂದಾಗ ಅವನ ಬಿರುಸಿನ ನಡುವೆ ಎಲ್ಲೋ ಒಂದು ಕಡೆ, ಎಂದೂ ಇಲ್ಲದ ಒಂದು ನಿಲುಗಡೆ ಕಾಣಿಸಿಕೊಳ್ಳುತ್ತದೆ. ಒಂದೇ ಮನೆಯಲ್ಲಿ, ಒಂದೇ ಗುರುವಿನ ಬಳಿ, ಎರಡೂವರೆ ವರ್ಷಗಳ ಅಂತರದಲ್ಲಿ ಬೆಳೆದವರಿಗೆ ಮಾತ್ರ ಸಾಧ್ಯವಾಗುವ ಸಂಭಾಷಣೆ ಅದು. ಹೊಗಳಿಕೆಯೂ ಇದೆ, ಮೂದಲಿಕೆಯೂ ಇದೆ. ಎರಡು ಮಕ್ಕಳನ್ನು ಒಂದೇ ಶಾಲೆಗೆ ಕಳಿಸಿದ ತಾಯಂದಿರಿಗೆ ಈ ದನಿಯ ಪರಿಚಯ ಇದ್ದೇ ಇರುತ್ತದೆ.

ಹೀಗಿರುವಾಗ ಇವರ ಮುದ್ರಿಕೆಗಳ ಮೇಲೆ ನನಗೆ ಮುನಿಸು ಬರುವುದು ಸಹಜ. 2003ರಲ್ಲಿ ಅಮೆರಿಕದಲ್ಲಿ ಇವರ ಮೊದಲ ಮುದ್ರಿಕೆ ಹೊರಬಂತು. ನಂತರದ ವರ್ಷಗಳಲ್ಲಿ ಮತ್ತೆ ಮತ್ತೆ ಬಂದವು. ಅವುಗಳಲ್ಲಿ ಡ್ರಮ್ಮು, ಗಿಟಾರು, ಯಂತ್ರದಿಂದ ತೆಗೆದ ತಾಳದ ಸದ್ದು ಎಲ್ಲ ಸೇರಿಕೊಂಡಿವೆ. ಬೇರೆ ವಾದ್ಯಗಳ ಜೊತೆ ಕೂಡಬಾರದೆಂಬ ಹಟ ನನ್ನದಲ್ಲ. ಪಿಟೀಲು ನಮ್ಮದಾದದ್ದು ಹಾಗೆಯೇ ತಾನೆ. ನನ್ನ ತಕರಾರು ಬೇರೆಯದು. ಶಾಮಿಸೆನ್ನಿಗೆ ಪೆಟ್ಟು ಎಂಬುದು ಹುಟ್ಟಿನಿಂದಲೇ ಬಂದ ಆಭರಣ. ಅದರ ಪಕ್ಕದಲ್ಲೇ ಡ್ರಮ್ಮು ಕೂರಿಸಿದರೆ ವಾದ್ಯದ ಅರ್ಧ ಕೆಲಸವನ್ನು ಕಿತ್ತುಕೊಂಡಂತೆ. ಉಳಿಯುವುದು ಬರೀ ಸ್ವರಗಳ ಓಟ.

ಇನ್ನೊಂದು ನಷ್ಟವೂ ಇದೆ. ಶಾಮಿಸೆನ್ನಿನ ಅತಿ ಕೆಳಗಿನ ಸ್ವರದ ತಂತಿ ಕುತ್ತಿಗೆಯ ಮೇಲ್ತುದಿಯಲ್ಲಿ ಉಳಿದವುಗಳ ಹಾಗೆ ಎತ್ತರದ ಅಂಚಿನ ಮೇಲೆ ಕೂರದೆ ಮರಕ್ಕೇ ಸವರಿಕೊಂಡಿರುತ್ತದೆ. ಹಾಗಾಗಿ ಮೀಟಿದಾಗ ಝೇಂಕಾರದಂಥ ಒಂದು ಗುಂಯ್‌ಗುಡುವಿಕೆ ಹೊರಡುತ್ತದೆ. ಇದನ್ನು ಅವರು ಸವರಿ ಎನ್ನುತ್ತಾರೆ. ಬೇರೆ ತಂತಿಗಳನ್ನು ಮೀಟಿದಾಗಲೂ ಶ್ರುತಿ ಸರಿಯಾಗಿದ್ದರೆ ಈ ತಂತಿ ತಾನಾಗಿ ಅನುರಣಿಸುತ್ತದೆ. ತಂಬೂರಿಯ ತಂತಿಯ ಕೆಳಗೆ ನೂಲೆಳೆ ಇಟ್ಟು ಜೀವಾಳ ಹಿಡಿಯುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೀವಾಳ ಕೂಡದ ತಂಬೂರಿ ಮರದ ಕೊಡ ಅಷ್ಟೆ. ಅಬ್ಬರದ ಹಿನ್ನೆಲೆ ಇಟ್ಟುಕೊಂಡ ಮುದ್ರಿಕೆಗಳಲ್ಲಿ ಮೊದಲು ಕಾಣೆಯಾಗುವುದು ಈ ಸವರಿಯೇ. 2006ರಲ್ಲಿ ನಿಂಟೆಂಡೊ ಕಂಪನಿಯ ವೀ ಎಂಬ ಆಟದ ಯಂತ್ರದ ಅಮೆರಿಕದ ಜಾಹೀರಾತಿಗೆ ಇವರ 'ಕೊಡೊ' ಎಂಬ ರಚನೆಯ ಮಾರ್ಪಡಿಸಿದ ರೂಪವನ್ನು ಬಳಸಿದರು. ಜಗತ್ತಿನ ಬಹುಪಾಲು ಜನ ಶಾಮಿಸೆನ್ನನ್ನು ಮೊದಲು ಕೇಳಿದ್ದು ಬಹುಶಃ ಅದರಲ್ಲೇ. ಅದಕ್ಕೆ ನಾನು ಮೂಗು ಮುರಿಯುವುದಿಲ್ಲ. ಬಾಗಿಲು ಯಾವುದಾದರೇನು, ಒಳಗೆ ಬಂದರಾಯಿತು. ಆದರೆ ಬಾಗಿಲಲ್ಲೇ ನಿಂತುಬಿಟ್ಟವರು ಎಷ್ಟು ಮಂದಿಯೋ!

ಇವರ ವಾದನದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚಾಗಿ ಬಿಟ್ಟುಹೋಯಿತು ಎನಿಸುವುದು ಹಾಡು. ಬುಶಿ ಎಂದರೆ ಹಾಡಿನ ಧಾಟಿ. ಈ ಧಾಟಿಗಳೆಲ್ಲ ಹಾಡುವವರ ಗಂಟಲಿನಿಂದ ಬಂದವು. ಶಾಮಿಸೆನ್ ಅವರ ಹಿಂದೆ ಕುಳಿತ ವಾದ್ಯ. ಹಾಡು ಶುರುವಾಗುವ ಮುನ್ನ ಬಾರಿಸುತ್ತಿದ್ದ ಪೀಠಿಕೆಯ ಭಾಗವೇ ಬೆಳೆದು ಬೆಳೆದು ಸ್ವತಂತ್ರ ವಾದನವಾಯಿತು. ತಕಹಾಶಿ ಚಿಕುಜಾನ್ ಅವರ ಬದುಕನ್ನೇ ನೋಡಿ. 1910ರಲ್ಲಿ ಹುಟ್ಟಿ, ಎಳವೆಯಲ್ಲೇ ದಡಾರದಿಂದ ಹೆಚ್ಚುಕಡಿಮೆ ಪೂರಾ ದೃಷ್ಟಿ ಕಳೆದುಕೊಂಡು, ಹದಿಹರೆಯದಲ್ಲಿ ಬೊಸಾಮನೊಬ್ಬನ ಶಿಷ್ಯನಾಗಿ ಬಾಗಿಲು ಬಾಗಿಲು ಅಲೆದವರು. ಯುದ್ಧದ ನಂತರ ನರಿತ ಉನ್‌ಚಿಕು ಎಂಬ ಜನಪದ ಗಾಯಕರಿಗೆ ವರ್ಷಾನುಗಟ್ಟಲೆ ಪಕ್ಕವಾದ್ಯ ನುಡಿಸಿದರು. ಚಿಕುಜಾನ್ ಎಂಬ ಹೆಸರೂ ಆ ಗಾಯಕರು ಕೊಟ್ಟದ್ದೇ. 1970ರ ದಶಕದಲ್ಲಿ ಟೋಕಿಯೋದ ಒಂದು ಪುಟ್ಟ ರಂಗಮಂದಿರದಲ್ಲಿ ಏಕಾಂಗಿಯಾಗಿ ನುಡಿಸಿ ಕಾಲೇಜು ಹುಡುಗರನ್ನು ಮರುಳು ಮಾಡಿದರು. 1977ರಲ್ಲಿ ಶಿಂದೊ ಕಾನೆತೊ ಇವರ ಬದುಕಿನ ಬಗ್ಗೆ ಚಲನಚಿತ್ರ ತೆಗೆದರು. 1986ರಲ್ಲಿ ಅಮೆರಿಕದಲ್ಲೂ ನುಡಿಸಿದರು. 1998ರಲ್ಲಿ ತೀರಿಕೊಂಡರು. ಅವರ ಒಂಟಿ ವಾದನದಲ್ಲೂ ಕಾಣದ ಗಾಯಕನೊಬ್ಬನಿಗೆ ಜಾಗ ಬಿಟ್ಟುಕೊಡುವ ಸೌಜನ್ಯವಿದೆ. ಇಲ್ಲಿ ಹಾಡುವವನು ಉಸಿರು ತೆಗೆದುಕೊಳ್ಳುತ್ತಾನೆ, ಇಲ್ಲಿ ಪದ ಮುಗಿಯುತ್ತದೆ ಎಂಬುದು ಆ ಕೈಗೆ ಗೊತ್ತು. ಬಾರಿಸುವುದು ನುಡಿಸುವುದಾಗಿ ಮಾರ್ಪಡುವುದು ಇಂಥ ಕಡೆ.

ಅವರು ತಮ್ಮ ಹೆಸರನ್ನು ಬಿಟ್ಟುಹೋದದ್ದು ಮಗನಿಗಲ್ಲ. 1997ರಲ್ಲಿ, ಬದುಕಿರುವಾಗಲೇ, ತಮ್ಮ ಶಿಷ್ಯೆಯೊಬ್ಬಳಿಗೆ ಚಿಕುಜಾನ್ ಎಂಬ ಹೆಸರನ್ನು ದಾಟಿಸಿದರು. ಎರಡನೆಯ ಚಿಕುಜಾನ್ ಹೆಣ್ಣು. ಆಕೆ ನುಡಿಸುವುದಷ್ಟೇ ಅಲ್ಲ, ಹಾಡುತ್ತಾರೆ ಕೂಡ. ರಕ್ತಸಂಬಂಧದ ಪರಂಪರೆಗಿಂತ ಈ ಪರಂಪರೆ ದೊಡ್ಡದೆಂದು ನಾನು ಹೇಳುತ್ತಿಲ್ಲ. ಆದರೆ ಯೊಶಿದಾ ಸಹೋದರರನ್ನು ಕೇಳಿದವರು ಈಕೆಯನ್ನೂ ಕೇಳಬೇಕು. ಸಹೋದರರ ಸಂಗೀತದಲ್ಲಿ ಯಾವ ಕೋಣೆ ಖಾಲಿಯಿದೆ ಎಂಬುದು ಆಗ ಗೊತ್ತಾಗುತ್ತದೆ. ಇವರಿಬ್ಬರೂ ಒಮ್ಮೆ, ಡ್ರಮ್ಮು ಗಿಟಾರುಗಳನ್ನೆಲ್ಲ ಮನೆಯಲ್ಲಿ ಬಿಟ್ಟು, ಹಳ್ಳಿಯ ಹಾಡುಗಾರ್ತಿಯೊಬ್ಬಳ ಹಿಂದೆ ಆಚೆಗೊಬ್ಬ ಈಚೆಗೊಬ್ಬ ಕುಳಿತು ಇಡೀ ಸಂಜೆ ನುಡಿಸಲಿ ಎಂಬುದು ನನ್ನ ಆಸೆ. ಇಬ್ಬರು ಅಣ್ಣತಮ್ಮಂದಿರ ವೇಗಕ್ಕೆ ಮೂರನೆಯವಳ ಉಸಿರು ಕಡಿವಾಣ ಹಾಕಿದರೆ ಹೊರಡುವ ಸಂಗೀತ ಹೇಗಿದ್ದೀತು!

ಇವರಿಂದ ಆದ ಉಪಕಾರವನ್ನು ಮರೆಯಬಾರದು. ಆಓಮೊರಿ ಪ್ರಾಂತದ ಹಿರೊಸಾಕಿಯಲ್ಲಿ 1982ರಿಂದ ತ್ಸುಗರು ಶಾಮಿಸೆನ್ನಿನ ರಾಷ್ಟ್ರಮಟ್ಟದ ಸ್ಪರ್ಧೆ ನಡೆಯುತ್ತ ಬಂದಿದೆ. ಬೇಡುವವರ ವಾದ್ಯವೆಂದು ಒಂದು ಕಾಲಕ್ಕೆ ಹೀಗಳೆಯಲ್ಪಟ್ಟದ್ದನ್ನು ಶಾಲಾ ಮಕ್ಕಳು, ಹುಡುಗಿಯರು ಈಗ ಹೆಮ್ಮೆಯಿಂದ ಕಲಿಯುತ್ತಾರೆ. ಅಂಥ ವಾತಾವರಣಕ್ಕೆ ಯೊಶಿದಾ ಸಹೋದರರ ಪಾಲೂ ಸಂದಿದೆ. ರಾಗಾವ ಮರಿಮೊ ಎಂಬ ಲೇಖಕಿ 2010ರಲ್ಲಿ ಶುರುಮಾಡಿದ 'ಮಶಿರೊ ನೊ ಒತೊ' ಎಂಬ ಚಿತ್ರಕಥೆ 2021ರಲ್ಲಿ ಸರಣಿ ಚಿತ್ರವಾದಾಗ ಅದರ ಶಾಮಿಸೆನ್ ವಾದನದ ಮೇಲ್ವಿಚಾರಣೆ ಮಾಡಿದವರು ಇವರೇ. ಅದೂ ಇಬ್ಬರು ಅಣ್ಣತಮ್ಮಂದಿರ ಕಥೆ. ಶಾಮಿಸೆನ್ ಕಲಿಸಿದ ಅಜ್ಜ ಸತ್ತ ಮೇಲೆ ತನ್ನ ದನಿ ಯಾವುದೆಂದು ತಿಳಿಯದೆ ಊರು ಬಿಟ್ಟು ಹೋಗುವ ಹುಡುಗ ಅದರ ನಾಯಕ. ನನ್ನ ಮಗಳು ಅದನ್ನು ನೋಡಿದ ಮೇಲೆಯೇ ಇವರ ಹೆಸರನ್ನು ನನಗೆ ಹೇಳಿದ್ದು. ಮಕ್ಕಳು ತಾಯಂದಿರಿಗೆ ಪಾಠ ಹೇಳುವ ಕಾಲವಿದು.

ಇವರನ್ನು ಹೊಸದಾಗಿ ಕೇಳಲು ಹೊರಟವರಿಗೆ ಒಂದು ಸೂಚನೆ. ಈ ವಾದ್ಯದ ತಂತಿಗಳು ಪೆಟ್ಟಿನ ಜೋರಿಗೆ ಬೇಗ ಸಡಿಲಾಗುತ್ತವೆ. ಆದ್ದರಿಂದ ವಾದಕನ ಎಡಗೈ ನುಡಿಸುತ್ತಿರುವಾಗಲೇ ಮೇಲಕ್ಕೆ ಹೋಗಿ ಬಿರಡೆ ತಿರುಗಿಸಿ ಬರುತ್ತದೆ. ತ್ಸುಗರು ಶೈಲಿಯಲ್ಲಿ ಶ್ರುತಿ ಕೂಡಿಸುವುದನ್ನು ಮುಚ್ಚಿಡುವುದಿಲ್ಲ, ಅದನ್ನೂ ವಾದನದ ಭಾಗವಾಗಿಯೇ ಬಾರಿಸುತ್ತಾರೆ. ಒಬ್ಬನೇ ಇದ್ದರೆ ತನ್ನ ಮೂರು ತಂತಿ ತನಗೆ ಹೊಂದಿದರೆ ಸಾಕು. ಇಬ್ಬರಿದ್ದಾಗ ಆರು ತಂತಿಗಳು ಕೂಡಬೇಕು. ಓಟದ ನಡುವೆ ಒಬ್ಬನ ಕೈ ಬಿರಡೆಗೆ ಹೋದಾಗ ಇನ್ನೊಬ್ಬನು ಏನು ಮಾಡುತ್ತಾನೆ ಎಂಬುದನ್ನು ಗಮನಿಸಿ ನೋಡಿ.